ನೆಟ್ ಸ್ಲೋ ಅಂತ ಕಂಪನಿ ಬದಲಿಸುವ ಮುಂಚೆ

ಯಾವ ಕಂಪನಿಯ ಫೈಬರ್ ನೆಟ್ ಒಳ್ಳೆಯದು ಅಂತ ವಾದ ಮಾಡುವವರು ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರ್‌ಗೆ ಸೇರಿಸಿ ಸ್ಪೀಡ್ ಟೆಸ್ಟ್ ಮಾಡಿ. ಪೂರ್ತಿ ಸ್ಪೀಡ್ ಬಂತಾ? ಹಾಗಾದರೆ ತೊಂದರೆ ನಿಮ್ಮ ವೈಫೈನಲ್ಲೇ ಇದೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್ (ರೇಡಿಯೋ ಅಲೆಗಳ ಪಟ್ಟಿ) ಗೋಡೆ ದಾಟುತ್ತದೆ ನಿಜ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ ಗಲಾಟೆ ಮಾಡುತ್ತಿರುತ್ತವೆ, ಅದಕ್ಕೇ ರೂಟರ್ ಇರುವ ರೂಮಿನಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡ್ ಬಳಸಿ. ಪ್ಲಾನ್ ದೊಡ್ಡದಿದ್ದರೂ ಕೇಬಲ್‌ನಲ್ಲಿ ಸ್ಪೀಡ್ 95 ಎಂಬಿಪಿಎಸ್ (ಸೆಕೆಂಡಿಗೆ 95 ಮೆಗಾಬಿಟ್) ಹತ್ತಿರವೇ ನಿಂತರೆ, ರೂಟರ್ ಪೋರ್ಟ್ 100 ಎಂಬಿಪಿಎಸ್‌ನದ್ದಿರಬಹುದು, ಇಲ್ಲವೇ ಕೇಬಲ್‌ನೊಳಗೆ ಒಂದು ತಂತಿ ಕಟ್ ಆಗಿರಬಹುದು (ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಸ್ಪೀಡ್‌ಗೆ 8 ತಂತಿಯೂ ಬೇಕು). ಇನ್ನು 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ತೋರಿಸಿದರೆ ಸುಮ್ನೆ ಬೈಯಬೇಡಿ, ಪ್ಲಾನ್ ಹೇಳುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ (ಎಂಬಿ), 8 ಬಿಟ್ ಸೇರಿದರೆ 1 ಬೈಟ್, ಲೆಕ್ಕ ಸರಿಯಾಗೇ ಇದೆ.