ಬಟ್ಟೆ ಡೈಪರ್ ಸೋರದಿರಲು

ಸೋರುವುದು ಹೆಚ್ಚಾಗಿ ತೊಡೆಸಂದಿಯಲ್ಲೇ. ಎಲಾಸ್ಟಿಕ್ ಅಲ್ಲಿ ಸರಿಯಾಗಿ ಕೂರಬೇಕು, ಒಳಗಿನ ಪ್ಯಾಡ್ ಚೂರೂ ಹೊರಗೆ ಇಣುಕಬಾರದು, ಇಣುಕಿದರೆ ಅಲ್ಲಿಂದಲೇ ಅಂಗಿಯೆಲ್ಲ ಒದ್ದೆ. ಹಾಗಂತ ಸುಮ್ನೆ ಬಿಗಿಯಬೇಡಿ. ಗಂಡು ಮಗುವಾದರೆ ಮುಂದೆ ಒಂದು ಮಡಿಕೆ ಜಾಸ್ತಿ ಇಡಿ. ಹೊಸ ಹತ್ತಿ ಪ್ಯಾಡ್ ನಾಲ್ಕೈದು ಸಲ ಒಗೆದ ಮೇಲೇ ಚೆನ್ನಾಗಿ ಹೀರುತ್ತದೆ. ಒಗೆಯುವಾಗ ಬಟ್ಟೆಗೆ ಹಾಕುವ ಘಮಘಮ ಅನ್ನುವ ಕಂಡೀಷನರ್ ಬೇಡವೇ ಬೇಡ.

ಎಣ್ಣೆ ಹಚ್ಚುವ ಅಜ್ಜಿಗೆ ಹೇಳುವುದು ಕಷ್ಟ, ಆದರೆ ಪ್ಯಾಡಿಗೆ ಎಣ್ಣೆ ಪಸೆ ಹತ್ತಿದರೆ ಅದು ಹೀರುವುದಿಲ್ಲ, ಉಚ್ಚೆ ಜಾರಿ ಹೊರಗೆ ಬರುತ್ತದೆ. ಆ ಹೊತ್ತಿಗೆ ಹಳೇ ಪಂಚೆ ತುಂಡು ಸಾಕು, ಅಲ್ವಾ?

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಪ್ಯಾಡ್ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಬೆಂಕಿ ಕಾವಿಗೆ ಹತ್ತಿ ಪ್ಯಾಡ್ ಮಾತ್ರ ಸ್ವಲ್ಪ ದೂರದಲ್ಲಿ ಹರವಿ, ಹೊರಗಿನ ಕವರ್ ಬೇಡ, ಬಿಸಿಗೆ ಅದರ ನೀರು ತಡೆಯುವ ಪದರ ಬಿಟ್ಟು ಸೋರುತ್ತದೆ. ಎಷ್ಟೇ ಮಾಡಿದರೂ 2-3 ಗಂಟೆಗೊಮ್ಮೆ ಬದಲಿಸಲೇಬೇಕು.