ಬಾವಿಗೆ ಇಳಿದೆ, ನಲವತ್ತೇಳನೇ ವಯಸ್ಸಿನಲ್ಲಿ

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಹಿರಿಯೂರು ಕಡೆಯವರಿಗೆ ಅದು ಜಾತ್ರೆಗಿಂತ ಜಾಸ್ತಿ. ಮೈಸೂರಿನಿಂದ ನಾನೂ ಊರಿಗೆ ಓಡಿದೆ.

ಕೋಡಿ ನೋಡಿ ಖುಷಿಪಟ್ಟೆ. ಬೆರಗಾಗಿದ್ದು ಮಾತ್ರ ನಮ್ಮ ತೋಟದ ಬಾವಿ ನೋಡಿ. ಬೋರ್‌ವೆಲ್ ಬಂದ ಮೇಲೆ ಒಣಗಿಹೋಗಿದ್ದ ಬಾವಿ. ಈಗ ಮೇಲಿನ ಮೂರು ಮೆಟ್ಟಿಲು ಬಿಟ್ಟು ಉಳಿದಿದ್ದೆಲ್ಲ ಮುಳುಗಿತ್ತು. ಅಣ್ಣನ ಮಗಳು ಕಟ್ಟೆ ಮೇಲಿಂದ ದುಡುಂ ಅಂತ ಧುಮುಕಿದಳು. ನಾನು ಎಲ್ಲರ ಟವೆಲ್ ಹಿಡಿದು ಕೂತಿದ್ದೆ. ಹತ್ತು ವರ್ಷದವಳಿದ್ದಾಗಲೂ ಹೀಗೇ. ಅಣ್ಣಂದಿರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತರು, ನಾನು ಬಟ್ಟೆ ಕಾದೆ.

ಅಕ್ಟೋಬರ್‌ನಲ್ಲಿ ಮೈಸೂರಿನ ಒಂದು ಈಜುಕೊಳಕ್ಕೆ ಸೇರಿದೆ. ಬೆಳಗಿನ ಹೆಂಗಸರ ಬ್ಯಾಚ್. ನೀರಿಗಿಂತ ಈಜುಡುಗೆಯದ್ದೇ ದೊಡ್ಡ ಭಯ. ಮಂಡಿವರೆಗೆ ಬರುವಂಥದ್ದೇ ತಗೊಂಡಿದ್ದೆ. ಆದರೂ ಟವೆಲ್ ಸುತ್ತಿಕೊಂಡು ಅಂಚಿನವರೆಗೂ ಹೋಗಿ, ಅಲ್ಲೇ ಎಸೆದು ಗಬಕ್ಕನೆ ಇಳಿದುಬಿಟ್ಟೆ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಬೇಜಾರೇ ಆಯಿತು ಅನ್ನಿ.

ಮೊದಲ ನಾಲ್ಕು ದಿನ ಬರೀ ಉಸಿರಾಟ. ನೀರೊಳಗೆ ಗುಳುಗುಳು ಅಂತ ಉಸಿರು ಬಿಡಬೇಕು, ಮೇಲೆ ಬಂದು ಎಳೆದುಕೊಳ್ಳಬೇಕು. ನಾನು ಬಿಡುತ್ತಲೇ ಇರಲಿಲ್ಲ, ಬಿಗಿಹಿಡಿಯುತ್ತಿದ್ದೆ. ಮನೆಯಲ್ಲಿ ಬಕೆಟ್‌ಗೆ ಮುಖ ಅದ್ದಿ ಅಭ್ಯಾಸ ಮಾಡಿದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಸುಮ್ನೆ ಹೊರಟುಹೋದರು.

ಆಮೇಲೆ ತೇಲುವುದು. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ತಕ್ಕಡಿ ಇದ್ದ ಹಾಗೆ. ಗೊತ್ತಿದ್ದೂ ತಲೆ ಎತ್ತುತ್ತಿದ್ದೆ. ಹೇಳಿಕೊಡುವ ಮೇಡಂ ಒಂದು ದಿನ, 'ಉಸಿರು ತುಂಬಿಕೊಂಡು ಮಂಡಿ ಅಪ್ಪಿಕೊಳ್ಳಿ, ಮುಳುಗಿ ತೋರಿಸಿ' ಅಂದರು. ಮುಳುಗಲು ಆಗಲೇ ಇಲ್ಲ! ಬೆನ್ನು ಬುಳಕ್ಕನೆ ಮೇಲೆ ಬಂತು. ನಾನೇ ಸೋರೆಬುರುಡೆ ಆಗಿದ್ದೆ.

ಆದರೂ ಭಯ ಪೂರ್ತಿ ಹೋಗಲಿಲ್ಲ. ಯಾಕೆ ಅಂತ ವಾರ ಕಳೆದ ಮೇಲೆ ಹೊಳೆಯಿತು. ನನಗೆ ಮುಳುಗುವ ಭಯವಲ್ಲ, ತೇಲುವಾಗ ಎದ್ದು ನಿಲ್ಲುವುದು ಹೇಗೆ ಅಂತ ಗೊತ್ತಿರಲಿಲ್ಲ. ಕೇಳಲು ನಾಚಿಕೆ. ಕೇಳಿದೆ. ಮಂಡಿಯನ್ನು ಎದೆಯ ಕಡೆ ಎಳೆದುಕೊಳ್ಳಬೇಕು, ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತಬೇಕು, ಪಾದ ನೆಲಕ್ಕೆ ಬರುವಾಗ ತಲೆ ಎತ್ತಬೇಕು. ಅಷ್ಟೇ. ಅವತ್ತು ಮೂವತ್ತು ಸಲ ತೇಲಿದೆ, ಮೂವತ್ತು ಸಲ ನಿಂತೆ. ಮಾರನೇ ದಿನದಿಂದ ಕಾಲು ಬಡಿಯುವುದು, ಕೈ ಹಾಕುವುದು ಎಲ್ಲ ತಾನಾಗೇ ಬಂತು. ಹೊಸಬರಿಗೆ ಇದನ್ನೇ ಮೊದಲು ಹೇಳಿಕೊಡಬೇಕು ಅಂತ ನನ್ನ ವಾದ.

ಡಿಸೆಂಬರ್ ಚಳಿಗೆ ಅರ್ಧ ಬ್ಯಾಚ್ ಖಾಲಿಯಾಯಿತು. ಒಂದು ದಿನ ಮೂಗಿಗೆ ನೀರು ಹೋಗಿ, ನಾನೂ ವಾರವಿಡೀ ತಲೆನೋವಿನ ನೆಪ ಹೇಳಿದೆ. ಜನವರಿಯಲ್ಲಿ ಒಂದೇ ಉಸಿರಿಗಲ್ಲ, ಆದರೆ ಎಲ್ಲೂ ನಿಲ್ಲದೆ ಇಪ್ಪತ್ತೈದು ಮೀಟರ್ ಮುಟ್ಟಿದೆ.

2023ರ ಯುಗಾದಿಗೆ ಊರಿಗೆ ಹೋದಾಗ ಬಾವಿಯಲ್ಲಿ ಇನ್ನೂ ನೀರಿತ್ತು. ಕೊಳದಲ್ಲಿ ತಳದ ಟೈಲ್ಸ್ ಕಾಣುತ್ತದೆ. ಇಲ್ಲಿ ಹಸಿರು ಬಿಟ್ಟರೆ ಏನೂ ಇಲ್ಲ. ಕಟ್ಟೆಯಿಂದ ಧುಮುಕುವ ಧೈರ್ಯ ಬರಲಿಲ್ಲ, ಮೆಟ್ಟಿಲಿಳಿದೇ ಹೋದೆ. ಅಣ್ಣ ಲಾರಿ ಟ್ಯೂಬ್ ಹಿಡಿದು ಪಕ್ಕದಲ್ಲೇ ಇದ್ದ. ಮೇಲಿನ ಒಂದಡಿ ನೀರು ಬೆಚ್ಚಗೆ, ಕಾಲಿಗೆ ಸಿಕ್ಕಿದ್ದು ಕೊರೆಯುವ ಥಂಡಿ. ಎದೆ ಢವಢವ. ಗೋಡೆ ಬಿಡದ ಹಾಗೆ ಒಂದು ಸುತ್ತು, ಗೋಡೆ ಬಿಟ್ಟು ಎರಡು ಸುತ್ತು.

ಟವೆಲ್ ಹಿಡಿದು ಕೂತಿದ್ದವಳು ಈ ಸಲ ಅಮ್ಮ. 'ಹೋಳಿಗೆ ಆರೋಗುತ್ತೆ, ಸಾಕು ಬಾರೇ' ಅಂತ ಕೂಗಿದಳು. ನಾನು ಇನ್ನೊಂದು ಸುತ್ತು ಹೋದೆ. ತಿರುಗಿ ನೋಡಿದರೆ ಅಮ್ಮ ಮೆಟ್ಟಿಲಿಗೆ ಇಳಿದಿದ್ದಳು. ಸೀರೆ ಎತ್ತಿಕೊಂಡು ಕಾಲು ನೀರಿಗೆ ಬಿಟ್ಟಿದ್ದಳು.

'ಮೀನು ಕಚ್ತಾವೆ ಕಣೇ' ಅಂದಳು. ಕಾಲು ಮಾತ್ರ ತೆಗೆಯಲಿಲ್ಲ.