ಕೇದಾರ ಹತ್ತೋಕಾಗದ ಅಮ್ಮನ್ನ ಊಖಿಮಠಕ್ಕೆ ಕರ್ಕೊಂಡು ಹೋಗಿದ್ದು

ಅಮ್ಮಂಗೆ ಕೇದಾರನಾಥ ನೋಡ್ಬೇಕು ಅಂತ ಎಷ್ಟೋ ವರ್ಷದಿಂದ ಆಸೆ, ಆದ್ರೆ ಮಂಡಿನೋವು. ಗೌರಿಕುಂಡದಿಂದ 16 ಕಿಮೀ ಏರು ದಾರಿ, 2013ರ ಪ್ರವಾಹದಲ್ಲಿ ಹಳೇ ದಾರಿ ಕೊಚ್ಚಿಹೋದ್ಮೇಲೆ ಅದು ಮೊದಲಿಗಿಂತ ಉದ್ದ ಆಗಿದೆ, ಕುದುರೆ ಮೇಲೆ ಕೂರೋಕೆ ಅಮ್ಮ ಸುತಾರಾಂ ಒಪ್ಪಲಿಲ್ಲ, ಹೆಲಿಕಾಪ್ಟರ್ ಅಂದ್ರೆ ಅದಕ್ಕೂ ಭಯ. ಸರಿ, ದೇವರೇ ಕೆಳಗಿಳಿದು ಬಂದ್ಮೇಲೆ ಹೋಗೋಣ ಅಂತ ಪ್ಲಾನ್ ಮಾಡ್ದೆ.

ದೀಪಾವಳಿ ಆಗಿ ಭಾಯಿ ದೂಜ್ ದಿನ ಕೇದಾರದ ಬಾಗಿಲು ಹಾಕ್ತಾರೆ. ಉತ್ಸವಮೂರ್ತಿ ಡೋಲಿಯಲ್ಲಿ, ಅಂದ್ರೆ ಪಲ್ಲಕ್ಕಿಯಲ್ಲಿ, ಊಖಿಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತೆ, ಚಳಿಗಾಲ ಪೂರ್ತಿ ಪೂಜೆ ಅಲ್ಲೇ. ಸೀಸನ್ ಮುಗಿದಿರುತ್ತಲ್ಲ, ರೂಮು ಸುಲಭವಾಗಿ ಸಿಗುತ್ತೆ, ರೇಟೂ ಚೌಕಾಸಿ ಮಾಡ್ಬೋದು.

ಡೆಹ್ರಾಡೂನ್ ತನಕ ಫ್ಲೈಟು, ಋಷಿಕೇಶದಲ್ಲಿ ರಾತ್ರಿ ಉಳ್ಕೊಂಡು ಬೆಳಗ್ಗೆ ಬೇಗ ಟ್ಯಾಕ್ಸಿ. ಬೇಗ ಅಂದ್ರೆ ಬೇಗನೇ ಹೊರಡಿ, ಕತ್ತಲಾದ್ಮೇಲೆ ಘಾಟಿಯಲ್ಲಿ ಓಡಾಡೋದು ಬೇಡ. ದೇವಪ್ರಯಾಗದಲ್ಲಿ ನಿಲ್ಸಿ, ಭಾಗೀರಥಿ ಅಲಕನಂದಾ ಸೇರಿ ಗಂಗೆ ಅನ್ನೋ ಹೆಸರು ಶುರುವಾಗೋದು ಇಲ್ಲೇ, ಎರಡೂ ನೀರಿನ ಬಣ್ಣ ಬೇರೆ ಬೇರೆ ಅಂತ ರಸ್ತೆಯಿಂದಾನೇ ಕಾಣುತ್ತೆ. ರುದ್ರಪ್ರಯಾಗ ದಾಟಿದ್ಮೇಲೆ ಮಂದಾಕಿನಿ ಪಕ್ಕದಲ್ಲೇ ದಾರಿ.

ಊಖಿಮಠದಲ್ಲಿ ಕಾರು ದೇವಸ್ಥಾನದ ಹತ್ರದ ತನಕ ಹೋಗುತ್ತೆ, ಅಮ್ಮಂಗೆ ಬೇಕಾಗಿದ್ದು ಅದೇ. ಬಾಣಾಸುರನ ಮಗಳು ಉಷೆಗೂ ಅನಿರುದ್ಧನಿಗೂ ಮದುವೆ ಆಗಿದ್ದು ಇಲ್ಲೇ ಅಂತ ನಂಬಿಕೆ. ನಮ್ಮವರು ಎಷ್ಟೋ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ ಕೇದಾರದ ರಾವಲ್, ಅಂದ್ರೆ ದೇವಸ್ಥಾನದ ಧಾರ್ಮಿಕ ಮುಖ್ಯಸ್ಥರು, ವೀರಶೈವ ಪರಂಪರೆಯವರು, ಬಾಳೆಹೊನ್ನೂರಿನ ರಂಭಾಪುರಿ ಥರ ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ಪೀಠ ಇರೋದೂ ಊಖಿಮಠದಲ್ಲೇ. ರಾವಲ್ ಸ್ವತಃ ಪೂಜೆ ಮಾಡಲ್ಲ, ಅವರ ಅಪ್ಪಣೆಯಂತೆ ಅರ್ಚಕರು ಮಾಡ್ತಾರೆ. ಮೇಲೆ ಕೇದಾರದ ನೂಕುನುಗ್ಗಲಲ್ಲಿ ಒಂದು ಕ್ಷಣ ನಿಲ್ಲೋಕೂ ಬಿಡಲ್ಲ, ಇಲ್ಲಿ ಅಮ್ಮ ಮನಸ್ಸು ತುಂಬೋ ತನಕ ಕೂತಿದ್ರು, ಯಾರೂ ಏಳಿ ಅನ್ನಲಿಲ್ಲ.

ಊಟದ ಚಿಂತೆ ಮಾಡ್ಬೇಡಿ. ಮಂಡುವಾ ರೊಟ್ಟಿ ಅಂತ ಕೊಡ್ತಾರೆ, ನಮ್ಮ ರಾಗಿನೇ, ಜೊತೆಗೆ ಗಹತ್ ದಾಲ್ ಅಂದ್ರೆ ಹುರುಳಿಕಾಳು. ಅಮ್ಮ ಮಾತ್ರ ಮುದ್ದೆ ಮಾಡೋಕೆ ಇವ್ರಿಗೆ ಏನು ಕಷ್ಟ ಅಂತ ಗೊಣಗಿದ್ರು.

ಒಂದು ದಿನ ಚೋಪ್ತಾಗೆ ಹೋದ್ವಿ. ಅಮ್ಮ ಕೆಳಗೆ ಢಾಬಾದಲ್ಲಿ ಬಿಸಿಲು ಕಾಯಿಸ್ತಾ ಕೂತ್ರು, ನಾನೊಬ್ನೇ ತುಂಗನಾಥ ಹತ್ತಿದೆ. ಸುಮಾರು 3,680 ಮೀಟರ್ ಎತ್ತರ, ಪಂಚಕೇದಾರ ಅನ್ನೋ ಐದು ಶಿವ ದೇವಸ್ಥಾನಗಳಲ್ಲಿ ಇದೇ ಎಲ್ಲಕ್ಕಿಂತ ಮೇಲಿರೋದು. ಬಾಗಿಲು ಹಾಕಿತ್ತು, ಇಲ್ಲಿಯ ಡೋಲಿ ಮಕ್ಕೂಮಠಕ್ಕೆ ಇಳಿಯುತ್ತೆ, ಆದ್ರೂ ಹೋಗ್ಲೇಬೇಕು, ಯಾಕಂದ್ರೆ ಮೇಲಿನ ಚಂದ್ರಶಿಲೆಯಿಂದ ಚೌಖಂಬಾ, ನಂದಾದೇವಿ, ತ್ರಿಶೂಲ ಎಲ್ಲ ಸಾಲಾಗಿ ಕಾಣುತ್ತೆ, ನವೆಂಬರ್‌ನಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಮಧ್ಯಾಹ್ನ ಆದ್ರೆ ಮೋಡ ಬರ್ಬೋದು, ಬೆಳಗ್ಗೇನೇ ಹತ್ಬಿಡಿ. ಹಿಮ ಜಾಸ್ತಿ ಬಿದ್ರೆ ಚೋಪ್ತಾ ರಸ್ತೆನೇ ಬಂದ್ ಆಗುತ್ತೆ, ಹಾಗಾಗಿ ಡಿಸೆಂಬರ್ ಕೊನೆಗೆ ಅಂತ ತಳ್ಳಬೇಡಿ.

ಕ್ಯಾಶ್ ಋಷಿಕೇಶದಲ್ಲೇ ತಗೊಳ್ಳಿ. ವಾಪಸ್ ಬರೋ ದಿನವೇ ಫ್ಲೈಟ್ ಬುಕ್ ಮಾಡ್ಬೇಡಿ, ಒಂದು ಕಡೆ ಗುಡ್ಡ ಕುಸಿದ್ರೂ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತೆ.